ಸೇಬಿನ ಬೀಜದ ಸಂದೇಶದ ಬಗ್ಗೆ ಸ್ಪಷ್ಟನೆ

ಅಂಗಡಿಯಿಂದ ತಂದ ಸೇಬಿನ ಬೀಜ ಬಿತ್ತಿದರೆ ಮೂರೇ ವರ್ಷದಲ್ಲಿ ಅಂಗಳದಲ್ಲೇ ಅದೇ ಹಣ್ಣು ಸಿಗುತ್ತದೆ, ಕಸಿ ಗಿಡಕ್ಕೆ ದುಡ್ಡು ಸುರಿಯುವುದು ವ್ಯರ್ಥ ಎಂಬ ಸಂದೇಶವೊಂದು ಮಂಗಳೂರು, ಉಡುಪಿಯ ಕೃಷಿ ಬಳಗಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಬೀಜ ಮೊಳೆಯುವುದು ನಿಜ. ಆದರೆ ಸೇಬಿನ ಹೂವು ಸಾಮಾನ್ಯವಾಗಿ ಬೇರೆ ತಳಿಯ ಪರಾಗದಿಂದಲೇ ಕಾಯಿ ಕಟ್ಟುವುದರಿಂದ, ಪ್ರತಿ ಬೀಜವೂ ಹೊಸ ಮಿಶ್ರಣವಾಗಿದ್ದು, ಅದರಿಂದ ಬೆಳೆದ ಮರ ತಾಯಿಮರದ ಹಣ್ಣನ್ನೇ ಕೊಡುವುದಿಲ್ಲ. ಒಳ್ಳೆಯ ಬಕ್ಕೆ ಹಲಸಿನ ಬೀಜ ನೆಟ್ಟು ತುಳುವ ಹಲಸು ಪಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫಲಕ್ಕೂ ಹಲವು ವರ್ಷ, ಕೆಲವೊಮ್ಮೆ ಹತ್ತು ವರ್ಷದವರೆಗೆ ಕಾಯಬೇಕಾಗುತ್ತದೆ. ಆಯ್ದ ತಳಿಯ ಕಡ್ಡಿಯನ್ನೇ ಬೆಸೆದ ಕಸಿ ಗಿಡ ಆ ತಳಿಯ ಹಣ್ಣನ್ನೇ, ಬೇಗ, ಕೊಡುತ್ತದೆ.

ಹಾಗೆಂದು ಯಾವ ಕಸಿ ಗಿಡವೂ ಕರಾವಳಿಗೆ ಆಗುತ್ತದೆ ಎಂದಲ್ಲ. ಕಾಶ್ಮೀರ, ಹಿಮಾಚಲದ ಹಳೆಯ ತಳಿಗಳಿಗೆ ಸುಮಾರು 7 ಡಿಗ್ರಿಗಿಂತ ಕೆಳಗಿನ ನೂರಾರು ಗಂಟೆಗಳ ಚಳಿ ಬೇಕು. ನಮ್ಮ ಜನವರಿ ರಾತ್ರಿಗಳು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಅನ್ನಾ, ಎಚ್‌ಆರ್‌ಎಂಎನ್-99ರಂತಹ ಕಡಿಮೆ ಚಳಿ ಸಾಕೆನ್ನುವ ತಳಿಗಳನ್ನು ಪ್ರಯೋಗಕ್ಕಷ್ಟೇ ನೆಡಬಹುದು, ಆದಾಯ ನಂಬಿಕೊಂಡಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಬಳಗಕ್ಕೆ ಈ ಸ್ಪಷ್ಟನೆಯನ್ನೂ ತಲುಪಿಸಿ.