ಮಳೆಗಾಲದ ಬಾಗಿಲು ಮತ್ತು 4ಡಿ ಪ್ರಿಂಟಿಂಗ್

ಊರಿನ ಮನೆಯ ಹಿಂಬಾಗಿಲು ಮಳೆಗಾಲ ಬಂತೆಂದರೆ ಹಟ ಹಿಡಿಯುತ್ತದೆ. ಭುಜ ಕೊಟ್ಟು ನೂಕಿದರಷ್ಟೇ ತೆರೆಯೋದು. ಒಮ್ಮೆ ಆಚಾರ್ರು ಹತ್ತರಿ ಹೊಡೆಯುತ್ತಾ, "ಮರ ಅಗಲಕ್ಕೆ ಉಬ್ಬುತ್ತೆ ಮಾರಾಯ್ರೆ, ಉದ್ದಕ್ಕೆ ಉಬ್ಬಲ್ಲ" ಅಂದಿದ್ದರು. ಹೂಂ ಅಂದು ಮರೆತಿದ್ದೆ.

4ಡಿ ಪ್ರಿಂಟಿಂಗ್ ಬಗ್ಗೆ ಓದುವಾಗ ಆ ಮಾತು ನೆನಪಾಯಿತು. ಗೆರೆ ಗೆರೆಯಾಗಿ, ಪದರದ ಮೇಲೆ ಪದರ ಹಾಕಿ ವಸ್ತು ಕಟ್ಟುವ 3ಡಿ ಪ್ರಿಂಟರಿನಲ್ಲಿ ಮಾಡಿದ ವಸ್ತು ನೀರೋ ಬಿಸಿಯೋ ತಗುಲಿದಾಗ ತಾನೇ ಆಕಾರ ಬದಲಿಸುತ್ತದೆ. ನಾಲ್ಕನೆಯ 'ಡಿ' ಅಂದರೆ ಕಾಲ. 2013ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸ್ಕೈಲರ್ ಟಿಬಿಟ್ಸ್ ಟೆಡ್ ಭಾಷಣದಲ್ಲಿ ತೋರಿಸಿದ ಮೇಲೆ ಈ ಹೆಸರು ಎಲ್ಲರ ಬಾಯಿಗೆ ಬಂತು. ಹೆಸರು ಸ್ವಲ್ಪ ಜಾಸ್ತಿಯಾಯ್ತು ಅಂತಲೇ ನನ್ನ ಅನಿಸಿಕೆ.

ನನಗೆ ಹಿಡಿಸಿದ್ದು 2016ರಲ್ಲಿ ಹಾರ್ವರ್ಡ್‌ನವರು ಮಾಡಿದ ಹೂವು. ಜೆನಿಫರ್ ಲೂಯಿಸ್ ಮತ್ತು ಎಲ್. ಮಹಾದೇವನ್ ತಂಡದ ಕೆಲಸ ಅದು. ಅವರ ಶಾಯಿ ಅಂದರೆ ನೀರು ಹೀರುವ ಮೆತ್ತನೆಯ ಜೆಲ್. ಅದರೊಳಗೆ ಮರದಿಂದ ತೆಗೆದ ಸೆಲ್ಯುಲೋಸಿನ ಅತಿ ಸಣ್ಣ ನಾರುಗಳು. ಸಪೂರ ನಳಿಕೆಯಿಂದ ಜೆಲ್ ಹೊರಬರುವಾಗ ನಾರುಗಳೆಲ್ಲ ಗೆರೆ ಎಳೆದ ಕಡೆಗೇ ಸಾಲಾಗಿ ಮಲಗುತ್ತವೆ. ಹಾಗಾಗಿ ನೀರಿಗೆ ಬಿಟ್ಟರೆ ಗೆರೆಯ ಉದ್ದಕ್ಕೆ ಅಷ್ಟಾಗಿ ಹಿಗ್ಗಲ್ಲ, ಅಡ್ಡಕ್ಕೆ ಚೆನ್ನಾಗಿ ಉಬ್ಬುತ್ತದೆ. ನಮ್ಮ ಬಾಗಿಲಿನದ್ದೂ ಇದೇ ಕಥೆ ಅಲ್ವಾ?

ಎರಡು ಪದರ ಹಾಕಿ, ಕೆಳಗಿನದನ್ನು ಒಂದು ದಿಕ್ಕಿಗೆ, ಮೇಲಿನದನ್ನು ಅದಕ್ಕೆ ಅಡ್ಡಲಾಗಿ ಎಳೆದರೆ ಎರಡಕ್ಕೂ ಜಗಳ. ಒಂದು ಹಿಗ್ಗಬೇಕು ಅನ್ನುತ್ತದೆ, ಇನ್ನೊಂದು ಬಿಡಲ್ಲ. ಆಗ ಎಸಳು ಬಾಗಲೇಬೇಕು. ಎಸಳಿನ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದರೆ ಹೂವು ಮೊಗ್ಗಿನಂತೆ ಮುಚ್ಚಿಕೊಳ್ಳುತ್ತದೆ. ಅದೇ ಗೆರೆಗಳನ್ನು 45 ಡಿಗ್ರಿ ಓರೆ ಮಾಡಿದರೆ ಎಸಳುಗಳು ತಿರುಚಿಕೊಳ್ಳುತ್ತವೆ. ಶಾಯಿ ಅದೇ, ನೀರೂ ಅದೇ.

ಅದಕ್ಕೇ ಇಂಥ ವಸ್ತುಗಳಿಗೆ ಹೇಳುವ 'ಸ್ಮಾರ್ಟ್ ಮೆಟೀರಿಯಲ್' (ಬುದ್ಧಿವಂತ ವಸ್ತು) ಅನ್ನೋ ಮಾತು ನನಗೆ ಒಗ್ಗಲ್ಲ. ಜೆಲ್‌ಗೆ ಏನು ಬುದ್ಧಿ? ಬುದ್ಧಿ ಇರೋದು ಗೆರೆ ಎಳೆದವರಿಗೆ.

ಮೊನ್ನೆ ಗೆಳೆಯನೊಬ್ಬ, "ಮುಂದೆ ಕಪಾಟು ಚಪ್ಪಟೆಯಾಗಿ ಬರುತ್ತೆ, ನೀರು ಚಿಮುಕಿಸಿದರೆ ತಾನೇ ಎದ್ದು ನಿಲ್ಲುತ್ತೆ" ಅಂದ. ನೋಡಪ್ಪಾ, ದಪ್ಪ ಎರಡು ಪಟ್ಟಾದರೆ ನೀರು ಒಳಗಿಳಿಯೋಕೆ ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು. ತೆಳ್ಳಗಿನ ಎಸಳಿಗೆ ಸರಿ. ನಮ್ಮ ಬಾಗಿಲು ಬಿಗಿಯಾಗೋಕೇ ವಾರಗಟ್ಟಲೆ ಮಳೆ ಹೊಡೀಬೇಕು.