ಎಂಟು ಮೂಲೆಯ ಕೋಟೆ, ಒಂದು ಊಟದ ಬ್ಯಾಗು

ಮೊಬೈಲಿನಲ್ಲಿ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆಯ ಡ್ರೋನ್ ಫೋಟೊ ನೋಡಿದ್ದೇ ತಡ, ನಕ್ಷತ್ರ ಕಣ್ಣಾರೆ ನೋಡಲೇಬೇಕು ಅಂತ ಬೆಂಗಳೂರಿನ ಭಾವ ಹಾಸನಕ್ಕೆ ಬಂದಿಳಿದರು. ಮಳೆಗಾಲ. ಬಿಳೀ ಶೂ, ಬಿಳೀ ಸಾಕ್ಸ್.

ಸಕಲೇಶಪುರ ದಾಟಿ ಮಂಗಳೂರು ರಸ್ತೆಯಲ್ಲಿ ಸ್ವಲ್ಪ ಹೋದರೆ ದೋಣಿಗಾಲ್ ಹತ್ತಿರ ಗುಡ್ಡ, 250ರಷ್ಟು ಮೆಟ್ಟಿಲು. ಏದುಸಿರು ಬಿಡ್ತಾ ಹತ್ತಿ ಒಳಗೆ ಹೋದರೆ ಗೋಡೆ ಇದೆ, ಹುಲ್ಲಿದೆ, ಎಲ್ಲಕ್ಕಿಂತ ಜಾಸ್ತಿ ಮಂಜಿದೆ.

"ನಕ್ಷತ್ರ ಎಲ್ಲಯ್ಯಾ?" ಅಂದರು ಭಾವ, ಅದನ್ನು ನಾನೇ ಬಚ್ಚಿಟ್ಟಿದ್ದೀನಿ ಅನ್ನೋ ಹಾಗೆ.

ಮೇಲಿಂದ ನೋಡಿದರೆ ಮಾತ್ರ ಕಾಣೋದು ಅಂತ ಸಮಾಧಾನ ಹೇಳಿದೆ. ಟಿಪ್ಪು 1792ರಲ್ಲಿ ಕಟ್ಟಿಸಿದ ಈ ಕೋಟೆಗೆ ಫ್ರೆಂಚ್ ಎಂಜಿನಿಯರ್ ವೊಬಾನನ ಮಾದರಿ. ಗುಂಡನೆಯ ಬುರುಜಿನ ಬುಡಕ್ಕೆ ಶತ್ರು ಬಂದು ಅಂಟಿಕೊಂಡರೆ ಮೇಲಿದ್ದವರಿಗೆ ಕಾಣೋದಿಲ್ಲ, ಆದರೆ ಚೂಪು ಮೂಲೆಗಳಿದ್ದರೆ ಒಂದರಲ್ಲಿ ನಿಂತು ಪಕ್ಕದ ಮೂಲೆಯ ಗೋಡೆಯುದ್ದಕ್ಕೂ ಗುಂಡು ಹಾರಿಸಬಹುದು, ಯಾರೂ ಅಡಗಿಕೊಳ್ಳೋಕೆ ಜಾಗವೇ ಇಲ್ಲ. ಭಾವ ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಅಕ್ಕ ಕೇಳಿದಳು, "ಊಟದ ಬ್ಯಾಗ್ ಎಲ್ಲೋ?"

"ಆ ಮೂಲೇಲಿ ಇಟ್ಟೆ," ಅಂದ ಅವಳ ಮಗ.

"ಯಾವ ಮೂಲೆ?"

"ಚೂಪಾಗಿತ್ತಲ್ಲ ಮಾಮ, ಅದು."

ಎಂಟೂ ಚೂಪು! ಇನ್ನೇನಾದರೂ ಗುರುತು ಹೇಳೋ ಅಂದರೆ, ಎದುರಿಗೆ ಕೊಳ ಕಾಣ್ತಿತ್ತು ಅಂದ. ಕೋಟೆಯ ನಟ್ಟನಡುವೆ ಕ್ರಾಸ್ ಆಕಾರದ ಕೊಳ, ಅದಕ್ಕೂ ನಾಲ್ಕು ಕಡೆ ಒಂದೇ ಥರ. ಅಕ್ಕ ಎಡಕ್ಕೆ, ನಾನು ಬಲಕ್ಕೆ ಹೊರಟು, ಮಳೆಯಲ್ಲಿ ಗೋಡೆ ಸುತ್ತಿ ಎದುರಾಬದುರಾ ಸಿಕ್ಕಿದೆವು, ಇಬ್ಬರದೂ ಬರಿಗೈ.

ಆಗಲೇ ಭಾವ ಕಿರುಚಿದ್ದು. ಸಾಕ್ಸಿನ ಮೇಲಂಚಿನಲ್ಲಿ ಇಂಬಳ, ಕುಡಿದು ಕುಡಿದು ದ್ರಾಕ್ಷಿಯಷ್ಟು ದಪ್ಪಗಾಗಿತ್ತು. ಎಳೀಬೇಡಿ, ಉಪ್ಪು ಹಾಕಿ ಅಂದೆ. ಉಪ್ಪು ಬ್ಯಾಗಲ್ಲಿ. ಬ್ಯಾಗು ಚೂಪು ಮೂಲೇಲಿ.

ಕೊನೆಗೆ ಬ್ಯಾಗು ಸಿಕ್ಕಿದ್ದು ಯಾವ ಮೂಲೆಯಲ್ಲೂ ಅಲ್ಲ. ಕೊಳದ ಹತ್ತಿರ ನೆಲದೊಳಗಿನ ಮದ್ದಿನ ಮನೆಯಲ್ಲಿ. ಮಳೆಗೆ ಅಲ್ಲಿ ನಿಂತಿದ್ದ ಯಾರೋ ಪುಣ್ಯಾತ್ಮರು, ನೆನೆಯುತ್ತೆ ಅಂತ ಎತ್ತಿಟ್ಟಿದ್ದರು. ಸಿಡಿಮದ್ದು ಒಣಗಿರಲಿ ಅಂತ ಕಟ್ಟಿದ ಕೋಣೆ, ಚಿತ್ರಾನ್ನಕ್ಕೂ ಒಂದು ಹನಿ ತಾಗಿರಲಿಲ್ಲ.

ಉಪ್ಪಿನ ಪೊಟ್ಟಣ ಪೂರ್ತಿ ಭಾವನ ಕಾಲಿಗೆ ಖರ್ಚಾಯಿತು. ಸೌತೆಕಾಯಿ ಸಪ್ಪೆಯಾಗೇ ತಿಂದೆವು.