ದೃಷ್ಟಿ ತಾಯತದ ಅಂಗಡಿಯಲ್ಲಿ

ನಲವತ್ತು ದಾಟಿದವರ ಮೂಗನ್ನೇ ಹುಡುಕಿಕೊಂಡು ಬರುತ್ತಿದ್ದ ಕನ್ನಡಕಕ್ಕೆ ನಮ್ಮ ಹಿರಿಯರು ‘ಚಾಳೀಸು’ ಎಂದರು. ಮೊನ್ನೆ ನನ್ನ ಚಾಳೀಸಿನ ಗಾಜು ಬದಲಿಸಲು ಹೋದರೆ ಅಂಗಡಿಯ ಹುಡುಗ ವಯಸ್ಸು ಕೇಳಲೇ ಇಲ್ಲ. “ಸಾರ್, ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡ್ತೀರಾ?” ಎಂದ. ಆರು ಎಂದು ತಪ್ಪೊಪ್ಪಿಕೊಂಡೆ. “ಹಾಗಾದ್ರೆ ಮೊಬೈಲಿನ ನೀಲಿ ಬೆಳಕು ಕಣ್ಣು ಹಾಳು ಮಾಡುತ್ತೆ ಸಾರ್, ಅದನ್ನ ತಡೆಯೋ ಬ್ಲೂ ಕಟ್ ಗಾಜು ಹಾಕಿಸ್ಲೇಬೇಕು. ಎಂಟುನೂರು ಎಕ್ಸ್‌ಟ್ರಾ ಅಷ್ಟೇ.”

ಕರೆಂಟ್ ಕಟ್ ಗೊತ್ತಿತ್ತು, ಸಮ್ಮರ್ ಕಟ್ ಗೊತ್ತಿತ್ತು. ಇದ್ಯಾವುದಪ್ಪ ಎನ್ನುವಷ್ಟರಲ್ಲಿ ಅವನು ಮೇಜಿನ ಖಾನೆಯಿಂದ ಲೇಸರ್ ಪೆನ್ನು ತೆಗೆದ. ಮಾಮೂಲಿ ಗಾಜಿನ ಮೂಲಕ ಬಿಟ್ಟರೆ ಬಿಳಿ ಕಾರ್ಡಿನ ಮೇಲೆ ನೇರಳೆ ಚುಕ್ಕೆ. ಬ್ಲೂ ಕಟ್ ಗಾಜು ಅಡ್ಡ ಹಿಡಿದರೆ ಚುಕ್ಕೆ ಮಾಯ! ಪಕ್ಕದಲ್ಲಿದ್ದ ತಾಯಿಯೊಬ್ಬರು ತಕ್ಷಣ ತಮ್ಮ ಯುಕೆಜಿ ಮಗಳಿಗೂ ಒಂದು ಬರೆಸಿದರು. ಮಗುವಿಗೆ ಪವರ್ರೇ ಇರಲಿಲ್ಲ. ಇರಲಿ, ದೃಷ್ಟಿಬೊಟ್ಟಿಗೇನು ಪವರ್ ಕೇಳುತ್ತಾರೆಯೇ?

ಅಂಥ ಪೆನ್ನಿನ ನೇರಳೆ ಬೆಳಕಿನ ಅಲೆಯ ಉದ್ದ ಸಾಮಾನ್ಯವಾಗಿ 405 ನ್ಯಾನೋಮೀಟರ್. ನಮ್ಮ ಫೋನಿನ ನೀಲಿ ಉಕ್ಕುವುದು 450ರ ಆಸುಪಾಸಿನಲ್ಲಿ. ಮೊದಲನೆಯದನ್ನು ತಡೆಯುವ ಗಾಜು ಎರಡನೆಯದರ ಬಹುಪಾಲನ್ನು “ಬನ್ನಿ ಬನ್ನಿ” ಎಂದು ಒಳಗೆ ಕರೆಯುತ್ತದೆ. ಪೂರ್ತಿ ತಡೆಯಬೇಕಾದರೆ ಗಾಜು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಬೇಕು, ಆಗ ಸ್ಟೈಲು ಹೋಯಿತು. ಬಾಗಿಲಲ್ಲಿ ಬೆಕ್ಕನ್ನು ತಡೆದು ತೋರಿಸಿ “ಆನೆಗೂ ಇದೇ ಅಗುಳಿ ಸಾಕು” ಅಂದ ಹಾಗೆ. ಆ ಅಂಗಡಿಯಲ್ಲಿ ಕಣ್ಣಿನ ಒಳಪದರ ಸುಡಬಲ್ಲ ಬೆಳಕು ಒಂದೇ ಒಂದಿತ್ತು. ಅದನ್ನು ಆ ಹುಡುಗ ಸುತ್ತ ಕನ್ನಡಿಗಳಿದ್ದ ಜಾಗದಲ್ಲಿ ಆರತಿಯಂತೆ ಬೀಸುತ್ತಿದ್ದ.

2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನು ಜಾಲಾಡಿ, ಈ ಗಾಜಿನಿಂದ ಕಂಪ್ಯೂಟರ್ ಮುಂದಿನ ಕಣ್ಣಿನ ದಣಿವು ತಗ್ಗುವ ಲಕ್ಷಣವಿಲ್ಲ ಎಂದರು. ಬ್ರಿಟನ್ನಿನಲ್ಲಂತೂ ಇದೇ ನೀಲಿ ಭಯದ ಜಾಹೀರಾತಿಗಾಗಿ 2017ರಲ್ಲಿ ಬೂಟ್ಸ್ ಆಪ್ಟಿಶಿಯನ್ಸ್ ಎಂಬ ಕನ್ನಡಕದ ಕಂಪನಿಗೆ 40,000 ಪೌಂಡ್ ದಂಡ ಬಿತ್ತು. ನಮ್ಮಲ್ಲಿ ಹೆದರಿಕೆ ಒಂದು ಕೊಂಡರೆ ಇನ್ನೊಂದು ಫ್ರೀ.

ಹಾಗಾದರೆ ಕಣ್ಣು ಉರಿಯುವುದೇಕೆ? ಪರದೆ ನೋಡುವಾಗ ನಾವು ಎವೆ ಮಿಟುಕಿಸುವುದನ್ನೇ ಮರೆಯುತ್ತೇವೆ, ಕಣ್ಣು ಒಣಗುತ್ತದೆ. ಎವೆ ಇಕ್ಕದವರನ್ನು ಪುರಾಣಗಳು ಅನಿಮಿಷರು, ಅಂದರೆ ದೇವತೆಗಳು ಎಂದಿವೆ. ರೀಲ್ಸಿನ ದಯೆಯಿಂದ ನಾವು ಸಶರೀರವಾಗಿ ಸ್ವರ್ಗದ ಹೊಸ್ತಿಲಿಗೆ ಬಂದಿದ್ದೇವೆ. ಕಣ್ಣಿನ ಡಾಕ್ಟರು ಹೇಳುವುದು 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಿ ಎಂದು. ಬೆಂಗಳೂರಿನ ಪಿಜಿ ರೂಮಿನಲ್ಲಿ 20 ಅಡಿ ಎಲ್ಲಿಂದ ತರುವುದು? ಕಿಟಕಿ ತೆಗೆದರೆ ನಾಲ್ಕಡಿಗೆ ಪಕ್ಕದ ಮನೆಯ ಬಚ್ಚಲು. ಅದೂ ಅಲ್ಲದೆ, “ಕಣ್ಣು ಮಿಟುಕಿಸಿ ಸಾರ್” ಎಂಬುದಕ್ಕೆ ಬಿಲ್ ಹಾಕುವುದು ಹೇಗೆ?

ಇತ್ತ, ಕಣ್ಣಿಗೆ ನಿಜಕ್ಕೂ ಹಾನಿ ಮಾಡುವ ನೇರಳಾತೀತ (ಯುವಿ) ಕಿರಣ ದಿನಾ ಬೆಳಿಗ್ಗೆ ಪೂರ್ವ ದಿಕ್ಕಿನಲ್ಲಿ ಪುಕ್ಕಟೆ ಹುಟ್ಟುತ್ತದೆ. ಅದಕ್ಕೆ ಫುಟ್‌ಪಾತಿನಲ್ಲಿ ನೂರು ರೂಪಾಯಿಯ ಕೂಲಿಂಗ್ ಗ್ಲಾಸ್ ಇದೆ, ಅದರ ಮೇಲೆ ‘ಯುವಿ 400’ ಸ್ಟಿಕ್ಕರೂ ಇದೆ. ಕೊಂಡವರು ಕಿತ್ತರೆ ರಕ್ಷಣೆಯೂ ಕಿತ್ತುಹೋದೀತೆಂದು ಅದನ್ನು ಹಾಗೇ ಬಿಡುತ್ತಾರೆ. ಗಾಜಿನಲ್ಲಿ ಬರೀ ಕಪ್ಪಿದ್ದು ತಡೆ ಇಲ್ಲದಿದ್ದರೆ, ಕತ್ತಲಾಯಿತೆಂದು ಪಾಪೆ ಅಗಲವಾಗಿ ತೆರೆದುಕೊಂಡು ಇನ್ನಷ್ಟು ಕಿರಣ ಒಳಗೆ ಬಿಟ್ಟುಕೊಳ್ಳುತ್ತದೆ. ಅದಕ್ಕಿಂತ ಅಜ್ಜನ ಮುಟ್ಟಾಳೆಯೇ ವಾಸಿ. ಆದರೆ ಮುಟ್ಟಾಳೆ ಹಾಕಿಕೊಂಡು ಸೆಲ್ಫಿ ತೆಗೆದರೆ ಲೈಕು ಬೀಳಬೇಕಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಎಂಟುನೂರು ಕೊಟ್ಟೆ. ಹುಡುಗ ಎರಡನೇ ಸಲ ಪೆನ್ನು ಎತ್ತಿದ್ದ, ಓಡಿಹೋಗಲು ಬೇರೆ ದಾರಿ ಇರಲಿಲ್ಲ.

ವಾರದ ನಂತರ ಕನ್ನಡಕ ಇಸಕೊಂಡು ಹೊರಬಂದರೆ ನೆತ್ತಿಯ ಮೇಲೆ ಬಿಸಿಲು. ಎದುರು ಗ್ಯಾರೇಜಿನಲ್ಲಿ ಇಪ್ಪತ್ತರ ಒಬ್ಬ ಹುಡುಗ ಗ್ರಿಲ್ಲಿಗೆ ವೆಲ್ಡಿಂಗ್ ಮಾಡುತ್ತಿದ್ದ. ಮುಖಕ್ಕೆ ಕವಚವಿಲ್ಲ, ಕಿಡಿ ಹಾರಿದಾಗಲೆಲ್ಲ ಕತ್ತನ್ನು ಅತ್ತ ತಿರುಗಿಸುತ್ತಿದ್ದ, ಅಷ್ಟೇ ಅವನ ಬ್ಲೂ ಕಟ್. ನಾನು ಗೀರು ಬಿದ್ದೀತೆಂದು ಹೊಸ ಕನ್ನಡಕವನ್ನು ಡಬ್ಬಿಯೊಳಗಿಟ್ಟು, ಹಣೆಗೆ ಅಂಗೈ ಅಡ್ಡ ಹಿಡಿದು, ಬಸ್ಸಿನ ಬೋರ್ಡು ಓದಲು ಹೆಣಗುತ್ತ ನಿಂತೆ.